ಎಸ್ ಒಂದು, ಪಿ ಮೂರು, ಎಲ್ ಒಂದು

"ಏನ್ರೀ, ನನ್ನ ಶುಂಠಿ ಹೊಲಕ್ಕೆ ದಿನಾ ಯಾಕ್ರೀ ನೀರು ಬಿಡ್ತೀರಿ?"

ಸೊರಬದ ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಒರೆಸುತ್ತಾ ಕೂತಿದ್ದ ರಕ್ಷಿತಾ ಬೆಚ್ಚಿ ತಲೆಯೆತ್ತಿದಳು. ಬಾಗಿಲಲ್ಲಿ ಒಬ್ಬ ನಿಂತಿದ್ದ. ಪ್ಯಾಂಟಿನ ಅಂಚಿಗೆ ಒಣಗಿದ ಕೆಸರು, ಕೈಯಲ್ಲಿ ಹೆಲ್ಮೆಟ್. ಮುಖದ ತುಂಬ ಸಿಟ್ಟು ತುಂಬಿಕೊಂಡು ಬಂದಿದ್ದ, ಆದರೆ ಆ ಕಣ್ಣುಗಳಿಗೆ ಸಿಟ್ಟು ಒಪ್ಪುತ್ತಿರಲಿಲ್ಲ. ದಿನವಿಡೀ ಕಣ್ಣು ನೋಡುವವಳಿಗೆ ಅಷ್ಟು ತಿಳಿಯುತ್ತದೆ.

"ನಾನಾ? ನಿಮ್ಮ ಹೊಲ ಎಲ್ಲಿದೆ ಅಂತಾನೇ ನಂಗೆ ಗೊತ್ತಿಲ್ಲ."

"ಅಂಜನಾಪುರದ ಹತ್ರ. ಕೊಟ್ರೇಶ್ ಅಂತ ನನ್ನ ಹೆಸ್ರು. ನನ್ನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕ್ಸೀನಿ. ಮನೇಲಿ ಕೂತು ಫೋನ್ ಮಾಡಿದ್ರೆ ಸಾಕು, ಚಾಲೂ ಆಗ್ತೈತೆ, ಇನ್ನೊಂದ್ ಸಲ ಮಾಡಿದ್ರೆ ಬಂದ್ ಆಗ್ತೈತೆ. ಆದ್ರೆ ನಾನು ಮಾಡದಿದ್ರೂ ಚಾಲೂ ಆಗಾಕ್ಹತ್ತೈತೆ. ಮೆಕ್ಯಾನಿಕ್ ನಾಗೇಶ ಪೆಟ್ಟಿಗೆ ಬಿಚ್ಚಿ ನೋಡಿದ್ರೆ ಒಳಗೆ ನಿಮ್ಮ ನಂಬರ್! ಫೋನಲ್ಲಿ ಹುಡುಕಿದ್ರೆ ಈ ಅಂಗಡಿ ಹೆಸ್ರು ಬಂತು. ಪಕ್ಕದ ಹೊಲದ ಉಚ್ಚಂಗಪ್ಪನ ಕಡೆಯೋರಾ ನೀವು?"

ಅವನು ಮೋಟರಿನ ಸ್ಟಾರ್ಟರಿಗೆ ಹಾಕಿದ್ದ ಸಿಮ್ಮಿನ ನಂಬರ್ ಓದತೊಡಗಿದ. ಅರ್ಧ ಓದುವಷ್ಟರಲ್ಲಿ ರಕ್ಷಿತಾಳ ಕೈಯಿಂದ ಫ್ರೇಮ್ ಜಾರಿ ಬಿತ್ತು. ಉಳಿದರ್ಧ ಅವಳಿಗೆ ಬಾಯಿಪಾಠವಾಗಿತ್ತು. ಅವಳ ಫೋನಿನಲ್ಲಿ ಆ ನಂಬರ್ 'ಅವರು' ಎಂಬ ಹೆಸರಿನಲ್ಲಿತ್ತು.

ಯುಗಾದಿ ಕಳೆದ ಮೇಲೆ ಶುರುವಾದದ್ದು ಅದು. ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಮೆಸೇಜ್: S1 P3 L1. ಸ್ವಲ್ಪ ಹೊತ್ತಿಗೆ ಇನ್ನೊಂದು: S0 P3 L1. ಹೆಸರಿಲ್ಲ, ಊರಿಲ್ಲ. ಅಂಗಡಿಯಲ್ಲಿ ಜೊತೆಗಿದ್ದ ಕರುಣಾ ನೋಡಿದ್ದೇ ತಡ, "ಲೇ, ಇದು ಸೀಕ್ರೆಟ್ ಕೋಡ್! ಎಲ್ ಅಂದ್ರೆ ಏನು ಅಂತ ನಾನು ಹೇಳ್ಬೇಕಾ?" ಎಂದು ಕಣ್ಣು ಮಿಟುಕಿಸಿದಳು.

ಆಮೇಲೆ ಇಬ್ಬರಿಗೂ ಅದೇ ಕೆಲಸ. ಪಿ ಮೂರು ಎಂದರೆ ಮೂರು ಗಂಟೆ ಎಂದು ಕರುಣಾ ತೀರ್ಮಾನಿಸಿದಳು. ಮೂರು ಗಂಟೆಗೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತರೆ ಸಿಕ್ಕಿದ್ದು ಕರುಣಾಳ ಚಿಕ್ಕಪ್ಪ. ಅವರಿಂದ ಬೈಸಿಕೊಂಡು ಬಂದದ್ದಾಯಿತು. ಆಮೇಲೆ ಗೋಡೆಯ ಮೇಲಿನ ಅಕ್ಷರದ ಚಾರ್ಟಿನ ಮೂರನೇ ಸಾಲನ್ನು ಹಿಂದು ಮುಂದಾಗಿ ಓದಿದರು. ಏನೂ ಹೊಳೆಯಲಿಲ್ಲ. ಒಂದು ದಿನ ಎಲ್ ಸೊನ್ನೆ ಬಂತು. ಅವತ್ತು ರಕ್ಷಿತಾ ಮಧ್ಯಾಹ್ನದ ಊಟ ಬಿಟ್ಟಳು.

ತಡೆಯಲಾರದೆ ಒಮ್ಮೆ ಫೋನ್ ಮಾಡಿಯೇಬಿಟ್ಟಳು. ಒಂದು ರಿಂಗ್ ಆಗಿ ಕಟ್ ಆಯಿತು. ಮರುಕ್ಷಣ ಮೆಸೇಜ್: S1 P3 L1. ಅಯ್ಯೋ, ನಾಚಿಕೆಯ ಮನುಷ್ಯ, ಆದರೆ ಉತ್ತರ ಕೊಡುತ್ತಾನೆ! ಖುಷಿಗೆ ಮತ್ತೆ ಮಾಡಿದರೆ S0 ಬಂತು. ಎರಡನೇ ಸಲ ಮಾಡಿದರೆ ಮುನಿಸು ಎಂದುಕೊಂಡಳು. ಅಂದಿನಿಂದ ದಿನಕ್ಕೆ ಒಂದೇ ಸಲ ಫೋನ್ ಮಾಡುವುದು, ಒಂದೇ ಉತ್ತರ ಎದೆಗಪ್ಪಿಕೊಳ್ಳುವುದು. ಶಿರಾಳಕೊಪ್ಪದ ಬಟ್ಟೆ ಅಂಗಡಿಯ ಗುರುಪ್ರಕಾಶ್ ಎಂಬ ಹುಡುಗನ ಸಂಬಂಧ ಬಂದಾಗಲೂ ಈ ಉತ್ತರವನ್ನೇ ನಂಬಿ, "ಸ್ವಲ್ಪ ತಡೀರಿ ಅಪ್ಪಾ" ಎಂದಿದ್ದಳು. ಅಪ್ಪ ವೀರಬಸಪ್ಪ ಸೋಮವಾರದವರೆಗೆ ತಡೆಯಲು ಒಪ್ಪಿದ್ದರು.

ಈಗ ಈ ಕೆಸರಿನ ಪ್ಯಾಂಟಿನವನು ಬಂದು ಅದು ಮೋಟರು ಎನ್ನುತ್ತಿದ್ದಾನೆ.

"ಸುಳ್ಳು," ಎಂದಳು.

"ಸುಳ್ಳಾ? ತಡೀರಿ." ಅವನು ತಾಯಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಅವ್ವಾ, ಮೋಟರ್ ಹತ್ರ ಇದೀಯಾ? ಏನೂ ಮುಟ್ಟಬೇಡ. ಸುಮ್ನೆ ನೋಡ್ತಿರು." ಆಮೇಲೆ ಇವಳ ಕಡೆ ತಿರುಗಿದ. "ಮಾಡ್ರಿ ಈಗ."

ರಕ್ಷಿತಾ 'ಅವರು' ಎಂಬ ಹೆಸರನ್ನು ಒತ್ತಿದಳು. ಒಂದು ರಿಂಗ್. ಕಟ್.

"ಚಾಲೂ ಆತಲೋ ಕೊಟ್ರೇಶಾ!" ಅವನ ತಾಯಿ ನೀಲಾಂಬಿಕ ಕಿರುಚಿದರು. "ಯಾರೂ ಮುಟ್ಟಿಲ್ಲಪ್ಪಾ, ತಾನೇ ಚಾಲೂ ಆತು! ಶಿವನೇ!"

ಗುರ್ರೆಂಬ ಸದ್ದು ಸ್ಪೀಕರಿನಿಂದ ಅಂಗಡಿಯನ್ನೆಲ್ಲ ತುಂಬಿತು. ಅದರ ಮೇಲೆ ಟಿಣ್ ಎಂದು ರಕ್ಷಿತಾಳ ಫೋನಿಗೆ ಮೆಸೇಜ್ ಬಂತು. S1 P3 L1.

"ಎಸ್ ಅಂದ್ರೆ ಸ್ಟಾರ್ಟರ್," ಕೊಟ್ರೇಶ್ ಬಗ್ಗಿ ಓದಿದ. "ಒಂದು ಅಂದ್ರೆ ಚಾಲೂ, ಸೊನ್ನೆ ಅಂದ್ರೆ ಬಂದ್. ಪಿ ಮೂರು ಅಂದ್ರೆ ಮೂರು ಫೇಸ್ ಕರೆಂಟ್ ಐತೆ. ಎಲ್ ಒಂದು ಅಂದ್ರೆ ಹೊಂಡದಾಗೆ ನೀರಿನ ಲೆವೆಲ್ ಸರಿ ಐತೆ. ಅಷ್ಟೇ ರೀ. ಈ ಮೆಸೇಜ್ ಅವ್ವನ ಫೋನಿಗೆ ಹೋಗ್ಬೇಕಿತ್ತು. ಆಕೆಗೆ ಓದಾಕೆ ಬರಲ್ಲ, ಅದಕ್ಕೇ ಮೆಸೇಜೇ ಬರ್ತಿಲ್ಲ ಅಂತ ನಮಗ್ಯಾರಿಗೂ ಗೊತ್ತಾಗಿಲ್ಲ."

ರಕ್ಷಿತಾ ಪ್ರೀತಿಸಿದ್ದು ಐದು ಎಚ್‌ಪಿ ಮೋಟರನ್ನು! ಕಣ್ಣು ತಪ್ಪಿಸಲು ಅವನ ಫೋನಿನತ್ತ ನೋಡಿದಳು. ತಾಯಿಯ ನಂಬರ್ ಅದರಲ್ಲಿ ಕಾಣುತ್ತಿತ್ತು. ಕೊನೆಯ ಅಂಕಿಯೊಂದು ಬಿಟ್ಟರೆ ಎಲ್ಲ ಅವಳ ನಂಬರೇ.

"ಸ್ಟಾರ್ಟರಿಗೆ ನಿಮ್ಮ ಅಮ್ಮನ ನಂಬರ್ ಹಾಕಿದ್ದು ಯಾರು?"

ಕೊಟ್ರೇಶ್ ನೋಡಿದ. ಮತ್ತೆ ನೋಡಿದ. ಮುಖದ ಬಣ್ಣ ಇಳಿಯಿತು. "ನಾನೇ. ಅಯ್ಯಯ್ಯಪ್ಪಾ... ಉಚ್ಚಂಗಪ್ಪಂಗೆ ಬಾಯಿಗೆ ಬಂದಂಗೆ ಬೈದು ಮಾತು ಬಿಟ್ಟೀನಲ್ರೀ ನಾನು!" ತಲೆಗೆ ಕೈ ಹಚ್ಚಿಕೊಂಡು ಸ್ಟೂಲಿನ ಮೇಲೆ ಕೂತ. ಕೂತಲ್ಲಿಂದಲೇ ಮೆಲ್ಲಗೆ ಕೇಳಿದ. "ಆತು, ತಪ್ಪು ನಂದು. ಆದ್ರೆ ನೀವು ದಿನಾ ಯಾಕೆ ಫೋನ್ ಮಾಡ್ತಿದ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ಅವಳಲ್ಲಿ ಸುಳ್ಳು ಕಟ್ಟುವಷ್ಟೂ ತ್ರಾಣವಿರಲಿಲ್ಲ.

"ಯಾರೋ ನನ್ನ ನೆನೆಸ್ಕೊಂಡಾಗೆಲ್ಲ ಕಳಿಸ್ತಾರೆ ಅಂದ್ಕೊಂಡಿದ್ದೆ," ಎಂದಳು. ಕಣ್ಣು ತುಂಬಿ ಬಂತು.

ಕರುಣಾ ಹಿಂದಿನಿಂದ ನಗಲು ಬಾಯಿ ತೆರೆದಳು. ಕೊಟ್ರೇಶ್ ಒಮ್ಮೆ ತಿರುಗಿ ನೋಡಿದ್ದಕ್ಕೆ ಮುಚ್ಚಿದಳು. ಅವನು ನಗಲಿಲ್ಲ. ಬಗ್ಗಿ, ಕೆಳಗೆ ಬಿದ್ದಿದ್ದ ಫ್ರೇಮ್ ಎತ್ತಿ, ಶರ್ಟಿನ ತುದಿಯಿಂದ ಒರೆಸಿ ಅವಳ ಮುಂದಿಟ್ಟ.

ಭಾನುವಾರ ಕರುಣಾಳನ್ನು ಎಳೆದುಕೊಂಡು ರಕ್ಷಿತಾ ಅಂಜನಾಪುರಕ್ಕೆ ಹೋದಳು. ತಾನು ಮಾಡಿದ್ದನ್ನು ಕಣ್ಣಾರೆ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ. ತಗ್ಗಿನ ಮಡಿಗಳಲ್ಲಿ ಶುಂಠಿ ಎಲೆ ಹಳದಿಯಾಗಿ ನೆಲಕ್ಕೊರಗಿತ್ತು. ಕೊಟ್ರೇಶ್ ಒಂದು ಗಿಡ ಕಿತ್ತ. ಗಡ್ಡೆ ಕೈಯಲ್ಲೇ ಮೆತ್ತಗಾಯಿತು. ಅವಳ ಒಂದೊಂದು ಫೋನೂ ಇಲ್ಲಿ ನೀರಾಗಿ ಬಂದು ನಿಂತಿತ್ತು.

"ಮೇಲಿನ ಮಡಿ ಉಳಿದೈತೆ ಬಿಡ್ರಿ," ಎಂದ ಅವನೇ. "ನನ್ನ ಜೊತೆ ಉಚ್ಚಂಗಪ್ಪನ ಹತ್ರ ಬರ್ತೀರಾ? ಒಬ್ನೇ ಹೋದ್ರೆ ನಂಬಲ್ಲ ಅವ್ನು."

ಹೋದರು. ಕಥೆ ಕೇಳಿ ಉಚ್ಚಂಗಪ್ಪ ಒಂದು ಗಳಿಗೆ ಬಾಯಿ ತೆರೆದೇ ಇದ್ದ. ಆಮೇಲೆ ಕೆಮ್ಮು ಬರುವಷ್ಟು ನಕ್ಕು, "ಎಲಾ ತಂಗೀ! ನಿನ್ನ ಪ್ರೀತಿಗೆ ಬೈಗುಳ ತಿಂದೋನು ನಾನಲ್ಲೇನಮ್ಮಾ!" ಎಂದ. ರಕ್ಷಿತಾಳೂ ನಕ್ಕಳು. ನಗುತ್ತಾ ತಿರುಗಿದರೆ ಕೊಟ್ರೇಶ್ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಹೊಂಡದ ಕಡೆ ಮುಖ ಮಾಡಿದ.

ಬಸ್ ಹತ್ತುವಾಗ ಅವನು ತನ್ನ ನಂಬರ್ ಕೊಟ್ಟ. "ನಾಳೆ ನಾಗೇಶ ಬಂದು ಸ್ಟಾರ್ಟರಿಂದ ನಿಮ್ಮ ನಂಬರ್ ತೆಗೀತಾನೆ. ಇನ್ನು ಮೆಸೇಜ್ ಕಾಟ ಇರಲ್ಲ ನಿಮಗೆ."

"ಒಳ್ಳೇದಾಯ್ತು," ಎಂದಳು. ಒಳ್ಳೆಯದಾಯಿತು ಎಂದು ಅವಳಿಗೆ ಸ್ವಲ್ಪವೂ ಅನ್ನಿಸಿರಲಿಲ್ಲ.

ಸೋಮವಾರ ಫೋನ್ ಸುಮ್ಮನಿತ್ತು. ಬೆಳಿಗ್ಗೆಯೂ ಇಲ್ಲ, ಮಧ್ಯಾಹ್ನವೂ ಇಲ್ಲ. ಸಂಜೆ ಅಪ್ಪನ ಫೋನ್ ಬಂತು. "ಶಿರಾಳಕೊಪ್ಪದೋರು ಕಾಯ್ತಾ ಇದಾರಮ್ಮಾ. ಏನು ಹೇಳ್ಲಿ?"

ಮೋಟರಿಗಾಗಿ ಒಳ್ಳೆಯ ಹುಡುಗನನ್ನು ಕಾಯಿಸಿದ್ದು ಸಾಕು ಎನ್ನಿಸಿತು. ಆಯ್ತಪ್ಪಾ ಎನ್ನಲು ಬಾಯಿ ತೆರೆದಳು.

ಟಿಣ್. S1 P3 L1.

ಟಿಣ್. S0 P3 L1.

ಟಿಣ್. S1 P3 L1.

"ಅಪ್ಪಾ, ಒಂದು ನಿಮಿಷ!" ಎಂದು ಕಟ್ ಮಾಡಿ ಗಾಬರಿಯಿಂದ ಕೊಟ್ರೇಶನಿಗೆ ಹಚ್ಚಿದಳು. "ರೀ, ಮೋಟರ್ ಯಾಕೆ ಚಾಲೂ ಆಗ್ತಾ ಇದೆ? ನಾನು ಮುಟ್ಟಿಲ್ಲ, ದೇವರಾಣೆ! ಉಳಿದ ಶುಂಠಿನೂ ಕೊಳೆತು ಹೋಗುತ್ತೆ!"

"ಹೊಲಕ್ಕೆ ನೀರು ಹೋಗ್ತಿಲ್ಲ ರೀ. ಪೈಪು ಹೊಂಡಕ್ಕೇ ತಿರುಗ್ಸೀನಿ. ಅಲ್ಲಿಂದ ಎತ್ತಿ ಅಲ್ಲಿಗೇ ಬೀಳಾಕ್ಹತ್ತೈತೆ."

"ಮತ್ತೆ ಯಾಕೆ ಹಾಕ್ತಾ ಇದೀರಿ?"

ಆ ಕಡೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅದರ ನಡುವೆ ಅವನೆಂದ, "ನೀವೇ ಅಂದಿದ್ರಲ್ರೀ, ನೆನೆಸ್ಕೊಂಡಾಗೆಲ್ಲ ಕಳಿಸ್ತಾರೆ ಅಂತ. ನಾಗೇಶಂಗೆ ನಂಬರ್ ತೆಗೀಬೇಡ ಅಂದೆ. ಬೆಳಿಗ್ಗಿಂದ ತ್ರೀ ಫೇಸ್ ಇರ್ಲಿಲ್ಲ. ಈಗ ಬಂತು."

ರಕ್ಷಿತಾ ಗೋಡೆಗೊರಗಿದಳು. ಕಟ್ ಮಾಡಿ, 'ಅವರು' ಎಂಬ ಹೆಸರನ್ನು ಒತ್ತಿದಳು. ಒಂದು ರಿಂಗ್. S0 P3 L1.

ತಕ್ಷಣ ಕೊಟ್ರೇಶ್ ಫೋನ್ ಮಾಡಿದ. ದನಿ ಸೋತಿತ್ತು. "ನಿಲ್ಲಿಸಿಬಿಟ್ರಾ? ಬೇಡ ಅಂತೀರಾ?"

"ಕರೆಂಟ್ ಯಾಕೆ ದಂಡ ಮಾಡ್ತೀರಿ?" ಅಳುವೂ ನಗುವೂ ಒಟ್ಟಿಗೇ ಬಂದವು. "ಹೇಳೋದು ಇದ್ರೆ ನಾಳೆ ಬಂದು ನಮ್ಮಪ್ಪನ ಮುಂದೆ ಹೇಳಿ. ಶಿರಾಳಕೊಪ್ಪದೋರಿಗೆ ಆಗಲ್ಲ ಅಂತ ನಾನು ಈಗಲೇ ಹೇಳಿಸ್ತೀನಿ."

"ಬರ್ತೀನ್ರೀ!" ಎಂದ ಅವನು. ಹೊಲವೆಲ್ಲ ಕೇಳುವಂತೆ ಕೂಗಿದನೋ ಏನೋ, ಹಿಂದಿನಿಂದ ನೀಲಾಂಬಿಕ, "ಏನಾತಲೋ, ಮತ್ತೆ ಮೋಟರ್ ಕೆಡ್ತಾ?" ಎಂದು ಗಾಬರಿಯಾಗಿ ಕೇಳುವುದು ಫೋನಿನಲ್ಲಿ ಕೇಳಿಸಿತು.

ರಕ್ಷಿತಾ ಅಪ್ಪನಿಗೆ ಫೋನ್ ಹಚ್ಚಿದಳು. ಅದಕ್ಕೂ ಮೊದಲು ಮೋಟರಿನ ನಂಬರಿನಿಂದ 'ಅವರು' ಎಂಬ ಹೆಸರು ತೆಗೆದು, ಕೊಟ್ರೇಶನ ನಂಬರಿಗೆ ಹಾಕಿದಳು.