ತಿಳಿಯಾದ ಕೊಳ

"ಆ ಪಾಚಿಗೆ ಕೈ ಹಚ್ಚಬೇಡ ಕಣೇ," ಎಂದ ಅತ್ತೆ ಹಿತ್ತಿಲ ಕೊಳಕ್ಕೆ ಮತ್ತೊಂದು ಬೊಗಸೆ ಗೊಬ್ಬರ ಎಸೆದರು. ಹಸಿರು ಹೊದಿಕೆ ಅದನ್ನು ಗುಳುಕ್ಕೆಂದು ನುಂಗಿತು. "ಪಾಲಿನ ಜಗಳದಲ್ಲಿ ನನ್ನ ಓರಗಿತ್ತಿ ಮಾಟ ಮಾಡಿಸಿಟ್ಟ ನೀರು ಇದು. ಇದರಲ್ಲಿ ಮುಖ ಕಂಡವರ ಬಲಗೈ ಅವರ ಮಾತು ಕೇಳಲ್ಲ. ನಿಮ್ಮ ಮಾವನ ಕೈ ಅವರ ಗಂಟಲನ್ನೇ ಸೀಳ್ತು. ಮಣ್ಣು ತುಂಬಿ ಮುಚ್ಚಿದ್ರೂ ಬೆಳಗಾಗೋದ್ರೊಳಗೆ ಮತ್ತೆ ನೀರು. ಪಾಚಿ ಇರೋವರೆಗೆ ಮುಖ ಕಾಣಲ್ಲ, ಅಷ್ಟೇ."

ಹೊಸ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ದುಡಿದು ಬಂದವಳು. "ಪಾಚಿ ತೆಗೆಯೋರನ್ನ ನೋಡಿದ್ದೆ ಅತ್ತೆ. ಗೊಬ್ಬರ ಹಾಕಿ ಸಾಕೋರನ್ನ ಇಲ್ಲೇ ನೋಡಿದ್ದು!"

ಅತ್ತೆ ಮಗಳ ಮನೆಗೆ ಹೊರಟದ್ದೇ ತಡ, ಸೊಸೆ ಟೊಂಕ ಕಟ್ಟಿ ನಿಂತಳು. ಕಬ್ಬಿಣದ ಹಲ್ಲಿನ ಗೋರೆಯಿಂದ ಪಾಚಿಯನ್ನು ಜಡೆಗಟ್ಟಿದ ಕೂದಲಿನಂತೆ ಸುತ್ತಿ ಸುತ್ತಿ ಎಳೆದಳು. ಕೊಳೆತ ಮೊಟ್ಟೆಯ ನಾತ ಅಡುಗೆಮನೆಯವರೆಗೂ ನುಗ್ಗಿತು. ಕದಡಿದ ನೀರನ್ನು ಅರ್ಧ ಬದಲಿಸಿದಳು, ನೆರಳಿಗೆ ಬಲೆ ಹೊದಿಸಿದಳು, ಸೋಸುವ ಪಂಪು ಕೂರಿಸಿದಳು. ವಾರ ಕಳೆಯುವಷ್ಟರಲ್ಲಿ ಕೊಳ ಕನ್ನಡಿಯಾಗಿತ್ತು.

ಸುಡು ಮಧ್ಯಾಹ್ನ ಬಲೆ ಸರಿಸಿ ಬಗ್ಗಿದಳು. ಮುಖ ಕಂಡಿತು. ಇವಳು ನಗುತ್ತಿದ್ದಳು. ಅದು ನಗುತ್ತಿರಲಿಲ್ಲ.

ಪಂಪಿನ ಗುರುಗುರು ತಟ್ಟನೆ ನಿಂತಿತು. ಬಲಗೈ ಮೊಣಕೈವರೆಗೆ ಮಂಜಿನಂತೆ ಕೊರೆಯಿತು.

"ಏನೇ, ಮೀನು ಯಾವಾಗ ಬಿಡ್ತೀಯ?" ಎನ್ನುತ್ತ ಗಂಡ ಹಿತ್ತಿಲಿಗಿಳಿದ.

ಕೈ ಗೋರೆಯನ್ನೆತ್ತಿತು.

"ರೀ, ಓಡಿ! ನಾನಲ್ಲ ಇದು, ನಾನಲ್ಲ!"

ಕಬ್ಬಿಣದ ಹಲ್ಲು ಅವನ ಭುಜದಲ್ಲಿ ಹೂತವು. ಎಳೆದವು. ಮಾಂಸ ಕಿತ್ತು ಬಂತು. ಅವನು ಕುಸಿದ. ಕೈ ಅವನ ಕುತ್ತಿಗೆ ಹಿಡಿದು ಅಂಗಾತ ನೀರಿಗೆ ಅದ್ದಿತು. ಎಡಗೈಯಿಂದ ಆ ಕೈಯನ್ನು ಪರಚಿದಳು. ಕಚ್ಚಿದಳು. ಬಾಯಿತುಂಬ ತನ್ನದೇ ರಕ್ತ. ಬೆರಳು ಸಡಿಲಲಿಲ್ಲ. ಗುಳ್ಳೆಗಳು ಎದ್ದವು. ಕಡಿಮೆಯಾದವು. ನೀರು ಅಲುಗಾಡದಾಯಿತು.

ಅಷ್ಟರಲ್ಲೇ ಮಗಳ ಮನೆಯಿಂದ ಬಂದ ಅತ್ತೆಯ ಚೀಲ ಹಿತ್ತಿಲ ಬಾಗಿಲಲ್ಲೇ ಬಿತ್ತು. ಗೋಡೆಗೆ ಒರಗಿಸಿದ್ದ ಮಚ್ಚು ಕೈಗೆ ಬಂತು.

"ತಡ್ಕೋ ಮಗಳೇ."

ಒಂದೇ ಏಟು. ಮಣಿಕಟ್ಟು ತುಂಡಾಯಿತು. ಗಂಡ ಕೆಮ್ಮುತ್ತ, ಕಾರುತ್ತ ಮೇಲೆದ್ದ. ಸೊಸೆ ರಕ್ತ ಚಿಮ್ಮುವ ಮೊಂಡುಗೈಯನ್ನು ಸೆರಗಿನಲ್ಲಿ ಅದುಮಿಕೊಂಡು ಅತ್ತೆಯತ್ತ ನೋಡಿದಳು.

ಕಡಿಯಲು ಬಗ್ಗಿದ ಅತ್ತೆಯ ಕಣ್ಣು ನೀರಿನಲ್ಲೇ ನೆಟ್ಟಿತ್ತು. ಬಲಗೈ ಮಚ್ಚನ್ನು ಕೆಳಗಿಡಲಿಲ್ಲ. ಮೆಲ್ಲಗೆ ಮಗನ ನೆತ್ತಿಯ ಮೇಲೆ ಏರಿತು.

"ಅಯ್ಯೋ, ಕಂಡ್ಬಿಟ್ಟೆ ಕಣೇ," ಎಂದರು ಅತ್ತೆ. ದನಿ ಮಗುವಿನದಾಗಿತ್ತು. "ಇವನ್ನ ಒಳಗೆ ಕರ್ಕೊಂಡು ಹೋಗು."

ಕೈ ಮಾತು ಕೇಳಲಿಲ್ಲ. ಕಾಲು ಕೇಳಿತು. ಮಚ್ಚು ಬೀಸುವ ಮೊದಲೇ ಅತ್ತೆ ಕೊಳಕ್ಕೆ ಹಾರಿದರು. ನೀರೊಳಗೆ ಮಚ್ಚು ಬೀಸಿತು. ಮತ್ತೆ ಬೀಸಿತು. ಅದಕ್ಕೆ ಸಿಕ್ಕಿದ್ದು ಅತ್ತೆಯ ಮೈಯೊಂದೇ.

ಸದ್ದಡಗಿದಾಗ ಕೊಳವೆಲ್ಲ ಕೆಂಪು. ಸೊಸೆ "ಅತ್ತೆ" ಎನ್ನುತ್ತ ತೆವಳಿಕೊಂಡು ಹೋಗಿ ಇಣುಕಿದಳು. ಯಾರ ಮುಖವೂ ಕಾಣಲಿಲ್ಲ.