ಎರಡನೇ ಹಂತ

“ಇವನ ಬಾಯಾಗ ಮಣ್ಣು ಬೀಳ್ಲಿ...”

ಸೋನಾಲಿ ಇದನ್ನು ಅಂದದ್ದು ಮೆಲ್ಲಗೆ, ಹಲ್ಲು ಕಚ್ಚಿಕೊಂಡು, ತನ್ನ ನಕ್ಷೆಯ ಕಡೆಗೇ ನೋಡುತ್ತಾ. ಮುಂಬೈಯ ಫೋರ್ಟಿನ ಆ ಎಸಿ ಮೀಟಿಂಗ್ ರೂಮಿನಲ್ಲಿ ಮರಾಠಿ ಇತ್ತು, ಗುಜರಾತಿ ಇತ್ತು, ಬೇಕಾದಷ್ಟು ಇಂಗ್ಲಿಷ್ ಇತ್ತು. ಕನ್ನಡ ಇಲ್ಲಿ ಯಾರಿಗೆ ತಿಳಿಯಬೇಕು ಅಂತ ಅವಳ ಧೈರ್ಯ.

ಮೇಜಿನ ಆಚೆ ಕೂತಿದ್ದವನು ತಲೆ ಎತ್ತಿದ.

“ಯಾವ ಮಣ್ಣು? ವಿಕ್ರೋಳಿದಾ?” ಅಂತ ಅಚ್ಚ ಮೈಸೂರು ಕನ್ನಡದಲ್ಲಿ ಕೇಳಿದ.

ಬೇರೆ ಯಾವ ಹುಡುಗಿಯಾಗಿದ್ದರೂ ನಾಚಿಕೆಯಿಂದ ಸಾಯುತ್ತಿದ್ದಳು. ಸೋನಾಲಿಗೆ ಸಿಟ್ಟು ಇನ್ನೂ ಏರಿತು. ಕನ್ನಡದವನಾಗಿಯೂ ಹೀಗೆ ಕೇಳುತ್ತಾನಲ್ಲ ಇವನು!

ಅವನು ಕೇಳಿದ್ದೇನು ಮಹಾ? ನಕ್ಷೆಯ ಮೂಲೆಯಲ್ಲಿದ್ದ ಸಮುದಾಯ ಭವನದ ಮೇಲೆ ಪೆನ್ನು ಇಟ್ಟು, “ಇದು ಎರಡನೇ ಹಂತದಲ್ಲಿದೆ. ಎರಡನೇ ಹಂತ ಅಂದರೆ ಯಾವಾಗ?” ಅಂದಿದ್ದ. ಅಷ್ಟೇ. ಆದರೆ ಆ ಭವನ ಸೋನಾಲಿಯ ಜೀವ. ಅದರ ಮೇಲೆ ಯಾರ ಪೆನ್ನು ಬಿದ್ದರೂ ಅವಳ ಮೈಯೆಲ್ಲ ಉರಿಯುತ್ತಿತ್ತು.

ಯಾಕೆ ಅಂತ ಹೇಳಬೇಕು. ವಿಕ್ರೋಳಿಯಲ್ಲಿ ಮುಚ್ಚಿದ ಒಂದು ಕಾರ್ಖಾನೆಯ ಜಾಗದಲ್ಲಿ ದೊಡ್ಡ ಕನ್ವೆನ್ಷನ್ ಸೆಂಟರ್ ಏಳುವುದಿತ್ತು. ದೇಶವಿದೇಶದ ಜನ ಬಂದು ಸಮ್ಮೇಳನ ಮಾಡುವ, ಪ್ರದರ್ಶನ ಇಡುವ ಜಾಗ. ಕಡಿಮೆ ಬಾಡಿಗೆಗೆ ಜಮೀನು ಕೊಡುವುದು ಸರ್ಕಾರದ ಪ್ರಾಧಿಕಾರ, ಕಟ್ಟುವುದು ಒಂದು ಕಂಪನಿ, ಉಳಿದ ಹಣ ಬ್ಯಾಂಕುಗಳ ಸಾಲ. ಕಂಪನಿಯ ಕಡೆಯಿಂದ ನಕ್ಷೆ ಬರೆಯುವುದು ಅಂಧೇರಿಯ ಒಂದು ಆಫೀಸು. ಸೋನಾಲಿ ಅಲ್ಲಿನ ಆರ್ಕಿಟೆಕ್ಟ್. ಹಣ ಎಲ್ಲಿಂದ, ಯಾವಾಗ, ಯಾವ ಷರತ್ತಿನ ಮೇಲೆ ಬರಬೇಕು ಅಂತ ಪ್ರಾಧಿಕಾರದ ಪರವಾಗಿ ನೋಡುವವನು ಈ ಅನುರಾಗ್. ಬ್ಯಾಂಕಿನಿಂದ ನಿವೃತ್ತರಾದ, ಮೈಸೂರು ಕಡೆಯ ಕೇಶವಮೂರ್ತಿಗಳ ಮಗ, ಚೆಂಬೂರಿನಲ್ಲಿ ಬೆಳೆದವನು.

ಮತ್ತು ಆ ಕಾರ್ಖಾನೆಯ ಹಿಂದೆ ಒಂದು ಮೈದಾನ. ಅದರ ಪಕ್ಕದ ಚಾಳಿನಲ್ಲೇ, ದುಡಿಯುವವರ ವಠಾರದಲ್ಲೇ, ಸೋನಾಲಿ ಹುಟ್ಟಿದ್ದು.

ಅವಳ ಅಪ್ಪ ಭೀಮರಾಯ, ಕಲಬುರಗಿ ಕಡೆಯಿಂದ ಬಂದ ಗಾರೆ ಮಿಸ್ತ್ರಿ. ಈ ಊರಲ್ಲಿ ಅವನು ಕಟ್ಟಿದ ಗೋಡೆಗಳಿಗೆ ಲೆಕ್ಕವಿಲ್ಲ. ಆದರೆ ದೊಡ್ಡ ಮಗಳ ಮದುವೆಗೆ ಹಾಲ್ ಕೇಳಲು ಹೋದಾಗ ಅಲ್ಲಿನ ಮ್ಯಾನೇಜರ್ ಅವನ ಸಿಮೆಂಟು ತಿಂದ ಕೈ ನೋಡಿ, ರಿಪೇರಿಗೆ ಬಂದವನೆಂದು ತಿಳಿದು ಹಿಂಬಾಗಿಲು ತೋರಿಸಿದ್ದ. ಮದುವೆಗೆ ಅಂದಾಗ ನಕ್ಕಿದ್ದ. ಕೊನೆಗೆ ಮೈದಾನದಲ್ಲೇ ಶಾಮಿಯಾನ ಹಾಕಿ ಮದುವೆ ಮಾಡಿದರು. ಚಾಳಿನವರ ಮದುವೆ, ತೊಟ್ಟಿಲು, ತಿಥಿ, ಎಲ್ಲ ಅದೇ ಮೈದಾನದಲ್ಲಿ ನಡೆಯುತ್ತಿದ್ದವು. ಈಗ ಅದೂ ಕನ್ವೆನ್ಷನ್ ಸೆಂಟರಿಗೆ ಹೋಗುವುದಿತ್ತು.

ಚಾಳಿನ ಮಂದಿ ಒಪ್ಪಿರಲಿಲ್ಲ. ಒಪ್ಪಿಸಿದ್ದು ಭೀಮರಾಯ. ಅಲ್ಲೇ ನಮಗಾಗಿ ಒಂದು ಭವನ ಬರುತ್ತದೆ, ಬಾಡಿಗೆ ನಮ್ಮ ಕೈಗೆಟಕುವಷ್ಟು, ಮುಂಬಾಗಿಲಿನಿಂದಲೇ ಒಳಗೆ ಹೋಗೋಣ, ನನ್ನ ಮಗಳೇ ಅದನ್ನು ಬರೆದಿದ್ದಾಳೆ ಅಂತ ಮನೆಮನೆಗೆ ಹೋಗಿ ಹೇಳಿದ್ದ. ಅವನ ಮಾತು ನಿಂತಿದ್ದು ಮಗಳ ಮಾತಿನ ಮೇಲೆ. ಆ ಭವನ ಬರದಿದ್ದರೆ ಅವನು ಆ ಚಾಳಿನಲ್ಲಿ ತಲೆ ಎತ್ತಿ ನಡೆಯುವಂತಿರಲಿಲ್ಲ.

ಇಷ್ಟೆಲ್ಲ ಅನುರಾಗನಿಗೆ ಗೊತ್ತಾದದ್ದು ಆಮೇಲೆ. ಜಗಳವಾಡುತ್ತಾ ಆಡುತ್ತಾ ಇಬ್ಬರೂ ಹತ್ತಿರವಾದರು. ಮೀಟಿಂಗಿನಲ್ಲಿ ಶುರುವಾದ ಜಗಳ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮುಂದುವರಿಯುತ್ತಿತ್ತು. ಅವನದು ನಿಧಾನದ ಊಟ. ಅವನು ಎರಡನೇ ಇಡ್ಲಿಗೆ ಕೈ ಹಾಕುವಷ್ಟರಲ್ಲಿ ಸೋನಾಲಿ ಕೈ ತೊಳೆದು ನಿಂತಿರುತ್ತಿದ್ದಳು. ಅವನ ಮಾತಿನ ಗತಿಯೂ ಅದೇ. ಅರ್ಧಕ್ಕೆ ಬರುವಷ್ಟರಲ್ಲಿ ಇವಳು ಉತ್ತರ ಕೊಟ್ಟು ಎದ್ದಾಗಿರುತ್ತಿತ್ತು. “ನಾನಿನ್ನೂ ಮುಗಿಸಿಲ್ಲ ಮಾರಾಯ್ತಿ” ಅನ್ನುವುದೇ ಅವನ ಪಾಡಾಯಿತು.

ಒಂದು ಸಂಜೆ, ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ, ನೀನು ಬೈಯದ ದಿನ ನನಗೆ ಊಟ ಸೇರುವುದಿಲ್ಲ ಅಂತ ಅವನು ಹೇಳಿಬಿಟ್ಟ. ಸೋನಾಲಿ ಅವನನ್ನು ಗುರಾಯಿಸಿದಳು. ಆಮೇಲೆ ಲೋಕಲ್ ಬರುವ ತನಕ ಅವನ ತೋಳು ಬಿಡಲಿಲ್ಲ.

*ಇವನು ನನ್ನವನು...* ಅಂತ ಅವಳ ಮನಸ್ಸು ಅವತ್ತೇ ತೀರ್ಮಾನ ಮಾಡಿಬಿಟ್ಟಿತು.

ಅಂಥವನು ಕೈ ಕೊಟ್ಟ! ಅದೂ ಎಲ್ಲರೆದುರು.

ಅದು ಪ್ರಾಧಿಕಾರದ ಮುಖ್ಯ ಸಭೆ. ದೊಡ್ಡ ಅಧಿಕಾರಿಗಳು, ಕಂಪನಿಯವರು, ಬ್ಯಾಂಕಿನವರು, ಗೋಡೆಯ ಪಕ್ಕದಲ್ಲಿ ಸೋನಾಲಿ, ಅವಳ ಬಾಸ್ ಶುಭಾ ಮೇಡಂ. ಅನುರಾಗ್ ಎದ್ದು ನಿಂತು, ಹಣದ ವ್ಯವಸ್ಥೆಯ ಬಗ್ಗೆ ತನ್ನ ಮೊದಲ ಸಲಹೆ ಇದು ಅಂದ. ಎರಡನೇ ಹಂತದಿಂದ ಸಮುದಾಯ ಭವನವನ್ನು ತೆಗೆದುಹಾಕಬೇಕು.

ಕಂಪನಿಯವರ ಮುಖ ಅರಳಿತು.

ಸೋನಾಲಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅವನು ಇನ್ನೂ ಮಾತಾಡುತ್ತಿದ್ದ, ಅವಳು ಆಗಲೇ ಬಾಗಿಲಲ್ಲಿದ್ದಳು. ಕಿವಿಯಲ್ಲಿ ಗುಂಯ್ ಅಂತ ಒಂದೇ ಸದ್ದು.

ಮಾತು ಮುಗಿಸಿ ಅವನು ಮೆಟ್ಟಿಲಿಳಿದು ಓಡಿಬರುವಷ್ಟರಲ್ಲಿ ಅವಳು ಫುಟ್‌ಪಾತಿನ ಮೇಲೆ ನಿಂತಿದ್ದಳು. ಕಣ್ಣು ಕೆಂಪಗಾಗಿತ್ತು.

“ನಮ್ಮಪ್ಪನ ಮಾನ ನಿನಗೊಂದು ಅಂಕಿ, ಹೌದಲ್ಲಾ? ಹೊಡದ್ ಹಾಕೋದು, ಬಸ್?”

“ಸೋನಾಲಿ, ಪೂರ್ತಿ ಕೇಳು. ನಾನು ಹೇಳಿದ್ದು...”

“ಕೇಳಿದೆ. ನಿಮ್ಮಂಥವರಿಗೆ ಎಲ್ಲಾ ಹಾಲಿನ ಬಾಗಿಲೂ ತಾನೇ ತೆರೀತಾವ. ಹಿಂಬಾಗಿಲಿಗೆ ನಿಂತವರ ಸಂಕಟ ನಿನಗೆ ಜನ್ಮದಾಗ ತಿಳಿಯೂದಿಲ್ಲ.”

ಅವನ ಮುಖ ಬಿಳಿಚಿಕೊಂಡಿತು. ‘ನಿಮ್ಮಂಥವರು’ ಅನ್ನುವ ಮಾತು ನೇರ ಎದೆಗೇ ತಾಗಿತ್ತು. ಅವನು ತಿರುಗಿ ಮೆಟ್ಟಿಲು ಹತ್ತಿಬಿಟ್ಟ.

ಈ ಇಬ್ಬರಿಗೂ ಎರಡೆರಡು ಬಿಗಿಯಬೇಕು ಅನ್ನಿಸುತ್ತದೆ ನನಗೆ. ಅವಳು ಅವನ ನಂಬರ್ ಬ್ಲಾಕ್ ಮಾಡಿದಳು. ಅವನು ಬಿಗುಮಾನ ಹಿಡಿದು ಸುಮ್ಮನೆ ಕೂತ. ಶುಭಾ ಮೇಡಂ ಆ ಸಭೆಯ ವಿಷಯ ಎತ್ತಿದರೆ, ದಯವಿಟ್ಟು ಆ ಹೆಸರು ನನ್ನೆದುರು ಹೇಳಬೇಡಿ ಅಂತ ಸೋನಾಲಿ ಅಲ್ಲಿಗೇ ತಡೆದಳು, ಬೇರೆ ಪ್ರಾಜೆಕ್ಟಿಗೆ ಹಾಕಿಸಿಕೊಂಡಳು. ಲೋಕಲ್‌ನಲ್ಲಿ ಕಿಟಕಿಗೆ ಮುಖ ಕೊಟ್ಟು ಅಳುತ್ತಿದ್ದಳು, ಅಳುತ್ತಿರುವುದಕ್ಕೂ ತನ್ನ ಮೇಲೇ ಸಿಟ್ಟಾಗುತ್ತಿದ್ದಳು.

ಅಪ್ಪನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಭೀಮರಾಯ ಬೈಯಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೊರಗೆ ಹೋಗಿ ಕೂತ.

ಅಷ್ಟರಲ್ಲಿ ಮೈದಾನದ ಸುತ್ತ ತಗಡು ಬಡಿದಿದ್ದರು. ಪಕ್ಕದ ಮನೆಯ ಅಂಬವ್ವನ ಮೊಮ್ಮಗಳ ಮದುವೆ ಈ ಬೇಸಿಗೆಗೆ ಆಗಬೇಕಿತ್ತು; ಜಾಗವಿಲ್ಲವೆಂದು ಗಂಡಿನ ಕಡೆಯವರು ಮುಂದಕ್ಕೆ ಹಾಕಿದ್ದರು. ಸುದ್ದಿ ಹಬ್ಬುತ್ತಿದ್ದಂತೆ ಅಂಬವ್ವ ಭೀಮರಾಯನ ಬಾಗಿಲಿಗೆ ಬಂದು, ಮಗಳ ಮಾತು ಕೇಳಿ ನಮ್ಮ ಮೈದಾನ ಮಾರಿದಿ ಅಂತ ಹೇಳಿ ಹೋದಳು. ಅವತ್ತಿನಿಂದ ಅವನ ಜೊತೆ ಯಾರೂ ಚಹಾ ಕುಡಿಯಲಿಲ್ಲ.

ಭೀಮರಾಯ ಬಚ್ಚಿಟ್ಟುಕೊಳ್ಳುವ ಜಾತಿಯಲ್ಲ. ಭಾನುವಾರ ಬೆಳಿಗ್ಗೆ ಚಾಳಿನ ಅಂಗಳಕ್ಕೆ ಎಲ್ಲರನ್ನೂ ಕರೆದ. ಹೆಂಗಸರು ಮೆಟ್ಟಿಲ ಮೇಲೆ, ಗಂಡಸರು ನೆರಳಿಗೆ. ಅವನು ನಡುವೆ ನಿಂತು ಕೈ ಮುಗಿದ.

“ತಪ್ಪು ನಂದು. ಮಗಳದಲ್ಲ. ಮಂದಿ ಏನ್ ಅಂತೀರಿ ಅನ್ರಿ, ಕೇಳ್ತೀನಿ.”

ಮುಗಿದ ಆ ಕೈಗಳನ್ನು ಸೋನಾಲಿಯಿಂದ ನೋಡಲಾಗಲಿಲ್ಲ. ಆಗಲೇ ಓಣಿಯ ತುದಿಯಲ್ಲಿ ಬೆವರಿಗೆ ಅಂಗಿ ಅಂಟಿಸಿಕೊಂಡು ಬರುತ್ತಿದ್ದ ಅನುರಾಗ್ ಕಂಡ.

“ಅವನ್ನ ಹೊರಗ ಕಳಸ್ರಿ” ಅಂದವಳೇ ಅವಳು ಒಳಗೆ ಹೋಗಲು ಎದ್ದಳು.

ಅಮ್ಮ ಇಂದ್ರಾಬಾಯಿ ಮಗಳ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು. “ಕೂಡು. ಎಲ್ಲಾರ ಮಾತೂ ನಡುಕ್ಕ ಬಿಟ್ಟು ಏಳ್ತಿ ನೀ. ಇವತ್ತ ಕಡೀತನಕ ಕೂಡು. ಆಮ್ಯಾಲ ಬೇಕಾದ್ರ ನಾನೇ ಅವನ್ನ ಕಳಸ್ತೀನಿ.”

ಕೂತಳು. ಹಲ್ಲು ಕಚ್ಚಿಕೊಂಡೇ ಕೂತಳು.

ಅನುರಾಗ್ ಅವಳ ಕಡೆ ನೋಡಲಿಲ್ಲ. ನೇರ ಭೀಮರಾಯನ ಮುಂದೆ ಬಂದು ನಿಂತ.

“ಕಾಕಾ, ಎರಡನೇ ಹಂತದಲ್ಲಿ ಇಟ್ಟಿದ್ದನ್ನ ಈ ಊರಲ್ಲಿ ಯಾರೂ ಕಟ್ಟಲ್ಲ. ಮೊದಲನೇದರಲ್ಲಿ ಲಾಭ ಬರಲಿ, ಆಮೇಲೆ ಕಟ್ತೀವಿ ಅಂತಾರೆ. ಲಾಭ ಬಂದರೂ ಬಂತು ಅನ್ನಲ್ಲ. ನಾನು ನೋಡಿದ ಕೆಲಸಗಳೆಲ್ಲ ಹಾಗೇ ಆಗಿವೆ. ಅದಕ್ಕೇ ಅಲ್ಲಿಂದ ತೆಗೀರಿ ಅಂದೆ.” ಉಸಿರು ತೆಗೆದುಕೊಂಡ. “ತೆಗೆದು ಮೊದಲನೇ ಹಂತಕ್ಕೆ ಹಾಕಿ ಅಂದೆ. ಅದನ್ನ ಹೇಳುವಷ್ಟರಲ್ಲಿ ಕುರ್ಚಿ ಬಿತ್ತು.”

ಉಳಿದದ್ದನ್ನು ಅವನು ಬಿಡಿಸಿ ಹೇಳಿದ. ಸಮುದಾಯ ಭವನ ಕಟ್ಟಿ ಮುಗಿದು, ಅದರ ಬಾಗಿಲು ತೆರೆದು, ಚಾಳಿನವರ ಕೈಗೆ ಬಂದ ಮೇಲೇ ಬ್ಯಾಂಕು ಸಾಲದ ಕೊನೆಯ ಕಂತು ಬಿಡುತ್ತದೆ. ಆ ಕಂತು ಬರದೆ ದೊಡ್ಡ ಹಾಲ್ ಮುಗಿಯುವುದಿಲ್ಲ. ಕಂಪನಿಯವರು ಇಷ್ಟು ದಿನವೂ ಗುದ್ದಾಡಿದರು, ಅವನನ್ನು ಈ ಕೆಲಸದಿಂದ ತೆಗೆಸಲೂ ನೋಡಿದರು. ಮೊನ್ನೆ ಪ್ರಾಧಿಕಾರ ಒಪ್ಪಿ ಠರಾವು ಮಾಡಿತು.

ಹೆಂಗಸರು ಮೆಟ್ಟಿಲಿಂದ ಮುಂದಕ್ಕೆ ಬಾಗಿದರು.

“ಅಂದ್ರ...” ಅಂಬವ್ವ ನಿಧಾನ ಕೇಳಿದಳು, “ನಮ್ಮ ಹಾಲ್ ಮೊದಲಾ?”

“ನಿಮ್ಮದೇ ಮೊದಲು ಅಜ್ಜಿ.”

ಅಂಬವ್ವ ಎದ್ದು ಬಂದು, ಭೀಮರಾಯನ ಮುಗಿದ ಕೈಗಳನ್ನು ತನ್ನ ಎರಡೂ ಕೈಯಿಂದ ಬಿಡಿಸಿದಳು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಇಂದ್ರಾಬಾಯಿ ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಎಲ್ಲರೂ ಕರಗಿದರು. ಸೋನಾಲಿ ಮಾತ್ರ ಕುದಿಯುತ್ತಿದ್ದಳು! ಅವನ ತೋಳು ಹಿಡಿದು ಎಳೆದುಕೊಂಡು ಹೋಗಿ, ಮೈದಾನದ ತಗಡಿನ ಬೇಲಿಯ ಹತ್ತಿರ ನಿಲ್ಲಿಸಿದಳು.

“ಮೊದಲೇ ನನಗ್ಯಾಕ ಹೇಳ್ಲಿಲ್ಲ?”

“ನೀನು ಕಂಪನಿ ಕಡೆಯವಳು. ಅವರಿಗೆ ಮುಂಚೆ ತಿಳಿದಿದ್ರೆ ಈ ಸಲಹೆ ಸಭೆಗೇ ಬರೋಕೆ ಬಿಡ್ತಿರಲಿಲ್ಲ.”

“ನಾ ಹೇಳ್ತಿದ್ನಾ ಅವರಿಗೆ?”

“ನೀನು ಹೇಳ್ತಿರಲಿಲ್ಲ. ನಿನ್ನ ಮುಖ ಹೇಳಿಬಿಡ್ತಿತ್ತು. ಒಂದು ದಿನವಾದ್ರೂ ಗುಟ್ಟು ನಿಂತಿದೆಯಾ ಆ ಮುಖದಲ್ಲಿ?”

ಅದು ನಿಜವೇ. ನಿಜವಾದ್ದರಿಂದಲೇ ಅವಳಿಗೆ ಇನ್ನಷ್ಟು ಉರಿಯಿತು. “ನಮ್ಮಪ್ಪ ಇಷ್ಟು ದಿನ ಒಬ್ಬನೇ ಕೂತು ಚಹಾ ಕುಡ್ದಾನ, ಗೊತ್ತಾ? ಹಾಲ್ ಉಳಿಸಿದಿ. ಖರೆ. ಆದ್ರ ಅದು ನಂದು, ಅನುರಾಗ್. ನನ್ನ ಮಂದೀದು. ನಮ್ಮ ಒಳ್ಳೇದನ್ನ ನಮಗ ಹೇಳದೆ ಮಾಡಾಕ ನೀ ಯಾರು? ಆ ಮ್ಯಾನೇಜರೂ ನಮ್ಮನ್ನ ಒಂದು ಮಾತು ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ.”

ಅನುರಾಗ್ ಬೇಲಿಯ ತಗಡಿಗೆ ಕೈ ಊರಿದ.

“ತಪ್ಪಾಯ್ತು,” ಅಂದ. “ಸಭೆ ಮುಗಿದ ದಿನವೇ ಇಲ್ಲಿಗೆ ಬರಬೇಕಿತ್ತು. ಕೋಪ ಮಾಡ್ಕೊಂಡು ಮನೇಲಿ ಕೂತೆ. ‘ನಿಮ್ಮಂಥವರು’ ಅಂದೆಯಲ್ಲ...”

“ಅನ್ನಬಾರದಿತ್ತು.” ಅವಳ ದನಿ ಸಣ್ಣಗಾಯಿತು.

“ನೋವಾಯ್ತು. ಆದರೆ ಸುಳ್ಳಲ್ಲ ಸೋನಾಲಿ. ನಮ್ಮನೆಯವರಿಗೆ ಯಾವ ಹಾಲಿನವನೂ ಹಿಂಬಾಗಿಲು ತೋರಿಸಿಲ್ಲ. ನಿನ್ನ ಸಿಟ್ಟು ನನಗೆ ಪೂರ್ತಿ ಅರ್ಥವಾಗಲ್ಲ. ಅದು ಇಲ್ಲದ ಮನೆ ಮಾತ್ರ ನನಗೆ ಬೇಡ. ಇಷ್ಟು ದಿನ ಯಾರೂ ಬೈದಿಲ್ಲ... ಒಂದು ತುತ್ತೂ ಸೇರ್ತಿಲ್ಲ.”

ಸೋನಾಲಿಯ ಕಣ್ಣು ತುಂಬಿ ಬಂತು. ಸಿಟ್ಟು ಹೋಗಿರಲಿಲ್ಲ, ಅಷ್ಟು ಬೇಗ ಹೋಗುವ ಸಿಟ್ಟೂ ಅಲ್ಲ ಅದು. ಆದರೂ ಅವನ ಅಂಗಿಯ ತೋಳು ಹಿಡಿದಿದ್ದ ಕೈ ಮೆಲ್ಲಗೆ ಜಾರಿ ಅವನ ಅಂಗೈ ಸೇರಿತು.

“ಇನ್ಮ್ಯಾಲ ನನಗ ಹೇಳದೆ ನನ್ನ ಒಳ್ಳೇದು ಮಾಡಬ್ಯಾಡ.”

“ಮಾಡಲ್ಲ. ನೀನು ನನ್ನ ಮಾತು ಮುಗಿಯೋ ಮುಂಚೆ ಏಳಬೇಡ.”

“ಏಳೂದಿಲ್ಲ,” ಅಂತ ಮೂಗೆಳೆದುಕೊಂಡಳು.

ಬೇಲಿಯ ಕಿಂಡಿಯಿಂದ ಮೈದಾನ ಕಾಣುತ್ತಿತ್ತು. ಮುಂಬಾಗಿಲು ಬರುವ ಜಾಗದಲ್ಲಿ ಈಗ ಬರೀ ಧೂಳು. ಅವನು ಅದನ್ನೇ ನೋಡುತ್ತಾ, ಆ ಭವನದಲ್ಲಿ ಮೊದಲನೇ ಮದುವೆ ಯಾರದು ಅಂತ ಏನೂ ಅರಿಯದವನ ಹಾಗೆ ಕೇಳಿದ.

“ಅಂಬವ್ವನ ಮೊಮ್ಮಗಳದು,” ಅಂದಳು ಸೋನಾಲಿ ಥಟ್ಟನೆ. “ಅಕಿ ಕಾಯ್ದಾಳ. ನಮ್ಮದು ಎರಡನೇದು.”

‘ನಮ್ಮದು’ ಅಂದದ್ದು ಅವಳಿಗೇ ತಡವಾಗಿ ಕೇಳಿಸಿತು. ಕಿವಿ ಬಿಸಿಯಾಯಿತು. ಅವನ ಕೈ ಬಿಗಿಯಾಯಿತು.

“ಬೇಡ ಕಣೇ. ಎರಡನೇದಕ್ಕೆ ಇಟ್ಟಿದ್ದು ಈ ಊರಲ್ಲಿ ಯಾವತ್ತೂ...”

ಅವಳು ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು. “ಇದು ಆಗ್ತದ.”

ಅವನು ಆ ಕೈಯನ್ನು ಸರಿಸಿ, ಬಿಡದೆ ಹಿಡಿದುಕೊಂಡ. “ಮಾತು ಮುಗಿಸೋಕೆ ಬಿಡ್ತೀನಿ ಅಂತ ನೀನೇ ಅಂದಿದ್ದೆ ಈಗತಾನೇ.”

“ನಾಳಿಂದ,” ಅಂದಳು ಸೋನಾಲಿ.