ಭಾವನಿಗೆ ಒಳ್ಳೆ ಮಾಲು

ಮಹಾದೇವಯ್ಯನ ಅಕ್ಕ ಪಾರ್ವತಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಭಾವ ಶಾಂತಮಲ್ಲಪ್ಪ ಸಕಲೇಶಪುರದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಮಹಾದೇವಯ್ಯನ ಔಷಧಿ ಅಂಗಡಿಗೆ ಬಂದು, ಕೌಂಟರಿನ ಮೇಲೆ ಮೊಣಕೈ ಊರಿ, ಒಳ್ಳೆಯ ವಿಟಮಿನ್ ಗುಳಿಗೆ ಬೇಕು ಎಂದ.

"ಕೆ. ಹೊಸಕೋಟೆ ಕಡೆ ಸಂಬಂಧ ಗೊತ್ತಾಗೈತೆ ಮಾದೇವ. ಹುಡುಗಿ ಹೆಸ್ರು ಪಂಕಜಾಕ್ಷಿ. ನಂಗೂ ವಯಸ್ಸಾಯ್ತಲ್ಲ ಮಾರಾಯ, ಮೈಗೆ ಒಂಚೂರು ಕಸುವು ಬರಂಗೆ ಏನಾರ ಕೊಡು. ನೀನಾದ್ರೆ ಮೋಸದ ಮಾಲು ಕೊಡಲ್ಲ."

ಬೀರುವಿನ ಬಾಗಿಲಿಗೆ ಹೋದ ಮಹಾದೇವಯ್ಯನ ಕೈ ಅಲ್ಲೇ ನಿಂತಿತು. ಇದೇ ಬೀರುವಿನಿಂದ ಒಂದು ವಿಟಮಿನ್ ಬಾಟಲಿ ಆರಿಸಿ, ಬಸುರಿ ಅಕ್ಕನಿಗೆಂದು ಹೆಗ್ಗದ್ದೆಯಲ್ಲಿದ್ದ ಭಾವನ ಕಾಫಿ ತೋಟದ ತನಕ ತಾನೇ ಹೋಗಿ ಕೊಟ್ಟು ಬಂದಿದ್ದ. ಅವಳ ಮುಖದಲ್ಲಿ ರಕ್ತದ ಕಳೆಯೇ ಇರಲಿಲ್ಲ. ವಾರ ಕಳೆಯುವುದರೊಳಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆ ಬಾಟಲಿಯನ್ನು ಮುಚ್ಚಳದ ಅರಗು ಕೂಡ ಒಡೆಯದೆ ವಾಪಸು ತಂದಿಟ್ಟು, "ನಮ್ಮನೇಲಿ ಉಣ್ಣಕ್ಕೆ ಗತಿ ಇಲ್ವಾ ಅಂತ ಕೇಳವ್ರೆ ಯಜಮಾನ್ರು" ಎಂದಿದ್ದ. ಹೆರಿಗೆಯಲ್ಲಿ ಅಕ್ಕ ಹೋದಳು, ಕೂಸೂ ಹೋಯಿತು. ಅವಳನ್ನು ಆಸ್ಪತ್ರೆಗೆ ತರಬೇಕಾಗಿದ್ದ ಜೀಪು ಆವತ್ತು ಕಾಫಿ ಮೂಟೆ ಹೇರಿಕೊಂಡು ಹಾಸನಕ್ಕೆ ಹೋಗಿತ್ತು.

ಈಗ ಈ ಮನುಷ್ಯನಿಗೆ ಕಸುವು ಬೇಕಂತೆ. ಮಹಾದೇವಯ್ಯನಿಗೆ ಸಿಟ್ಟು ಉಕ್ಕಿತು. ಆದರೆ ಅವನು ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು, ಕೈ ನಡುಗದ ಹಾಗೆ ಔಷಧಿ ಅಳೆದು ಪಳಗಿದವನು. ಮುಖದ ಮೇಲೆ ಏನೂ ತೋರಗೊಡಲಿಲ್ಲ.

ಅವನು ಭಾವನಿಗೆ ಮಾಲು ಆರಿಸುವುದನ್ನು ಕಲಿಸಿದ. ನಿಜವಾದ ಕಾಳಜಿ ಇರುವವನಂತೆಯೇ ಕಲಿಸಿದ. ಬಾಟಲಿ ಕಂದು ಗಾಜಿನದಾಗಿರಬೇಕು, ಬಿಳಿ ಗಾಜಾದರೆ ಬಿಸಿಲಿಗೆ ಸತ್ವ ಹೋಗುತ್ತದೆ. ತಯಾರಾದ ತಿಂಗಳು ಅಚ್ಚಾಗಿರಬೇಕು. ಗುಳಿಗೆ ಒಂದಕ್ಕೊಂದು ಅಂಟಿರಬಾರದು. "ರಾತ್ರಿ ಊಟ ಆದ್ಮೇಲೆ ಒಂದು ತಗೊಳ್ಳಿ ಭಾವ. ಬೆಳಿಗ್ಗೆ ಒಂದಕ್ಕೆ ಹೋದಾಗ ಹಳದಿ ಬರುತ್ತೆ, ಹೆದರ್ಕೋಬೇಡಿ. ಅಸಲಿ ಮಾಲಿನ ಲಕ್ಷಣ ಅದು." ಹೆಂಗಸರಿಗೆ ಕೊಡಬೇಡಿ, ಇದು ಗಂಡಸರದು ಎಂದೂ ಸೇರಿಸಿದ. ಹೇಳುವ ಅಗತ್ಯ ಇರಲಿಲ್ಲ. ಹೆಂಡತಿಯ ಬಾಯಿಗೆ ಗುಳಿಗೆ ಹಾಕುವ ಪೈಕಿಯವನಲ್ಲ ಶಾಂತಮಲ್ಲಪ್ಪ.

ಮೊದಲ ಬಾಟಲಿ ಅಪ್ಪಟ ಮಾಲು. ಮುಂದಿನ ಸಂತೆಗೆ ಬಂದ ಭಾವನ ಮುಖ ಅರಳಿತ್ತು. "ನೀ ಹೇಳ್ದಂಗೇ ಆಯ್ತು ಕಣೋ, ಅರಿಶಿನದ ನೀರು ಇದ್ದಂಗೈತೆ" ಎಂದು ಅಂಗಡಿ ತುಂಬ ಗಿರಾಕಿಗಳಿರುವಾಗಲೇ ಸಾರಿದ. ಮಹಾದೇವಯ್ಯ ನಕ್ಕ. ಆ ನಗು ಸುಳ್ಳಲ್ಲ. ಮೀನು ಗಾಳ ಕಚ್ಚಿದ್ದು ನೋಡಿ ಯಾರಿಗೆ ತಾನೇ ಖುಷಿಯಾಗುವುದಿಲ್ಲ?

ಮದುವೆ ಮುಗಿಯಿತು. ಎರಡನೇ ಬಾಟಲಿಯೂ ಅಪ್ಪಟವಾಗಿಯೇ ಹೋಯಿತು. ಕಾಯುವುದು ಅವನಿಗೆ ಕಷ್ಟವಾಗಲಿಲ್ಲ, ಕಾದಷ್ಟೂ ಸಿಟ್ಟು ಹದಕ್ಕೆ ಬರುತ್ತಿತ್ತು. ಭಾವನಿಗೆ ಮೊದಲಿನಿಂದಲೂ ಹೊಟ್ಟೆಯುರಿ, ಸಾಲದ್ದಕ್ಕೆ ಬ್ರಾಂದಿ ಚಟ. ದಿನಕ್ಕೆ ಒಂದು ಚಿಟಿಕೆ ಬಿಳಿ ಪಾಷಾಣ ಒಳಗೆ ಹೋಗುತ್ತಿದ್ದರೆ ಮೊದಲು ವಾಂತಿ, ಆಮೇಲೆ ನಿಶ್ಶಕ್ತಿ, ಆಮೇಲೆ ಹಾಸಿಗೆ. ಯಾವ ಡಾಕ್ಟರಾದರೂ ಬ್ರಾಂದಿಯನ್ನೇ ಬಯ್ಯುತ್ತಾನೆ. ತಮ್ಮವರಲ್ಲಿ ಹೆಣ ಸುಡುವುದಿಲ್ಲ, ಹೂಳುತ್ತಾರೆ, ಹೂಳಿದ ಮೈಯಲ್ಲಿ ಪಾಷಾಣ ಹಾಗೇ ಉಳಿಯುತ್ತದೆ ಎಂಬುದನ್ನೂ ಅವನು ಯೋಚಿಸದೆ ಬಿಟ್ಟಿರಲಿಲ್ಲ. ಆದರೆ ಅನುಮಾನವೇ ಇಲ್ಲದ ಸಮಾಧಿಯನ್ನು ಅಗೆಯುವವರು ಯಾರು? ಮಣ್ಣು ಹಾಕುವಾಗ ತಾನೇ ಮುಂದೆ ನಿಂತು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅಳುವುದೆಂದು ತೀರ್ಮಾನಿಸಿದ್ದ. ಅಕ್ಕನಿಗಾಗಿ ಅಳುವುದು ಇನ್ನೂ ಬಾಕಿ ಇತ್ತು.

ಮೂರನೇ ಬಾಟಲಿಯ ಕೆಲಸವನ್ನು ಮಧ್ಯಾಹ್ನ, ಊಟಕ್ಕೆಂದು ಅಂಗಡಿ ಮುಚ್ಚಿದಾಗ ಮಾಡಿದ. ಒಂದೊಂದೇ ಕ್ಯಾಪ್ಸೂಲ್ ಗುಳಿಗೆಯ ಎರಡು ಹೋಳು ಬಿಡಿಸಿ, ಒಳಗಿದ್ದ ಪುಡಿಯನ್ನು ಕಾಗದಕ್ಕೆ ಸುರಿದು, ಪಾಷಾಣ ಬೆರೆಸಿದ ಅಕ್ಕಿ ಹಿಟ್ಟು ತುಂಬಿ ಮತ್ತೆ ಕೂಡಿಸಿದ. ತಕ್ಕಡಿಯಲ್ಲಿಟ್ಟು ನೋಡಿದರೆ ತೂಕದಲ್ಲಿ ಫರಕಿಲ್ಲ. ಸುರಿದ ಪುಡಿಯಲ್ಲೇ ಒಮ್ಮೆ ಹೊರಳಿಸಿ ಒರೆಸಿದ್ದರಿಂದ ಅದೇ ಕಮಟು ವಾಸನೆ. ಬಾಟಲಿಯ ಬಾಯಿಗೆ ಕಂಪನಿಯ ಅರಗಿನಂತೆಯೇ ಅರಗು. ಕೊನೆಗೆ ಉಳಿದದ್ದು ಬೆರಳಿಗೆ, ಉಗುರಿನ ಸಂದಿಗೆ ಹತ್ತಿದ ಹಳದಿ. ಪುಡಿಯನ್ನು ಬಚ್ಚಲಿಗೆ ಚೆಲ್ಲಿ, ನೀರು ಹೊಯ್ದು, ಸೀಗೆಪುಡಿ ಹಾಕಿ ಉಗುರು ಉಗುರನ್ನೂ ಉಜ್ಜಿದ. ಗೋಡೆಯ ಮೇಲಿನ ಅಕ್ಕನ ಫೋಟೋ ಕಡೆ ತಿರುಗಿ ಕೈ ತೋರಿಸಿದ. ಎಲ್ಲೂ ಒಂದು ಚುಕ್ಕೆ ಹಳದಿ ಉಳಿದಿರಲಿಲ್ಲ.

ಸೋಮವಾರ ಭಾವ ಬಾಟಲಿ ಒಯ್ದ. ಬುಧವಾರ ಮಧ್ಯಾಹ್ನ ಅಂಗಡಿಯ ಮುಂದೆ ಜೀಪು ನಿಂತಾಗ ಮಹಾದೇವಯ್ಯ ಕೂತಲ್ಲಿಂದ ಎದ್ದ. ಇಷ್ಟು ಬೇಗ ಸುದ್ದಿ ಬರಬಾರದಾಗಿತ್ತು. ಆದರೆ ಇಳಿದು ಬಂದವನು ಶಾಂತಮಲ್ಲಪ್ಪನೇ. ಮುಖ ಕೊಂಚ ಬಾಡಿತ್ತು, ಅಷ್ಟೇ. ಬಂದವನೇ ಮಹಾದೇವಯ್ಯನ ಹೆಗಲ ಮೇಲೆ ಕೈ ಹಾಕಿದ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಹಾಕಿದವನಲ್ಲ.

"ಬೇಜಾರು ಮಾಡ್ಕೋಬೇಡ ಮಾದೇವ. ಕಂಪ್ನಿಯೋರು ನಿಂಗೇ ಟೋಪಿ ಹಾಕವ್ರೆ. ಈ ಬಾಟ್ಲಿದು ಎರಡು ರಾತ್ರಿ ನುಂಗಿದೆ ಕಣೋ, ಎರಡು ಬೆಳಿಗ್ಗೆನೂ ಬರೀ ಬಾವಿ ನೀರು ಇದ್ದಂಗೆ ಹೋಯ್ತು. ಹಳದಿನೇ ಇಲ್ಲ. ನೀನೇ ಅಲ್ವಾ ಲಕ್ಷಣ ಹೇಳ್ಕೊಟ್ಟಿದ್ದು? ನಿನ್ನ ಅಂಗಡಿ ಹೆಸ್ರು ಕೆಡಬಾರ್ದು ಅಂತ ಬೆಳಿಗ್ಗೆನೇ ಹಾಸನಕ್ಕೆ ಹೋಗಿ, ಔಷಧಿ ಇನ್‌ಸ್ಪೆಕ್ಟರ್ ಕೈಗೆ ಬಾಟ್ಲಿ ಕೊಟ್ಬುಟ್ಟೆ. ಒಂದು ಗುಳಿಗೆ ಬಿಡಿಸಿ ಮೂಸಿ ನೋಡುದ್ರು, ಒಳಗೆ ಬರೀ ಬಿಳಿ ಹಿಟ್ಟು. ಆಮೇಲೆ ಯಾಕೋ ಬಾಟ್ಲಿಗೆ ಮೊಹರು ಹಾಕಿ ತಾವೇ ಇಟ್ಕೊಂಡ್ರು. ನಿನ್ನ ಅಂಗಡಿ ತೋರ್ಸಿ ಅಂದ್ರು, ಜೀಪಲ್ಲೇ ಕರ್ಕೊಂಡು ಬಂದಿವ್ನಿ," ಎಂದು ಶಾಂತಮಲ್ಲಪ್ಪ ಬಾಗಿಲ ಕಡೆ ತಿರುಗಿ, "ಬನ್ನಿ ಸಾರ್, ಇವ್ನೇ ನಮ್ಮ ಮಾದೇವ" ಎಂದ.